ಬೆಂಗಳೂರಿನ ಪರಿಸರ ನಿಯಮಗಳನ್ನು ನಿಮ್ಮ ಮನೆಯಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಜಾರಿಗೆ ತರುವ ಬಗೆ

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು (ಬಿಬಿಎಂಪಿ) 2023ರ ನವೆಂಬರಿನಲ್ಲಿ ನಗರದ ಹವಾಮಾನ ಕ್ರಿಯಾ ಯೋಜನೆಯನ್ನು ಬಿಡುಗಡೆ ಮಾಡಿ, 2050ರ ಹೊತ್ತಿಗೆ ನಿವ್ವಳ ಇಂಗಾಲ ಹೊರಸೂಸುವಿಕೆಯನ್ನು ಸೊನ್ನೆಗೆ ಇಳಿಸುವ ಗುರಿಯನ್ನು ಘೋಷಿಸಿತು. ಇಂಧನ, ಕಟ್ಟಡ, ಸಾರಿಗೆ, ಕಸ, ನೀರು, ಹಸಿರು ಎಂದು ಆ ಯೋಜನೆ ನಗರದ ಬದುಕಿನ ಬಹುತೇಕ ಎಲ್ಲ ಮುಖಗಳನ್ನೂ ಮುಟ್ಟುತ್ತದೆ. ಆದರೆ ಮೂವತ್ತು–ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಕೊಂಡವರಿಗೆ ಅಥವಾ ಐವತ್ತು ಮನೆಗಳ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿಯಾಗಿ ಒಲ್ಲದ ಮನಸ್ಸಿನಿಂದ ಆಯ್ಕೆಯಾದವರಿಗೆ ಬೇಕಾಗಿರುವುದು ನಾಳೆ ಬೆಳಿಗ್ಗೆ ಯಾವ ಕೆಲಸವನ್ನು ಮೊದಲು ಹಿಡಿಯಬೇಕೆಂಬ ತಿಳಿವಳಿಕೆ. ಈ ಬರಹ ಅವರಿಗಾಗಿ. ಇದರಲ್ಲಿ ಹೇಳಿರುವ ಕ್ರಮವನ್ನು ಬೇಕೆಂದೇ ಹೀಗೆ ಇಡಲಾಗಿದೆ: ಮೊದಲು ಹಸಿ ಕಸ, ನಂತರ ಮಳೆನೀರು, ಆಮೇಲೆ ಉಳಿದದ್ದು. ಅನೇಕ ಸಂಘಗಳು ಪರಿಸರ ದಿನದಂದು ಗಿಡ ನೆಟ್ಟು, ಫೋಟೊ ತೆಗೆಸಿಕೊಂಡು ಆರಂಭಿಸುತ್ತವೆ ಮತ್ತು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತವೆ. ಅಡುಗೆಮನೆಯಿಂದ ಹೊರಟ ಕೆಲಸ ದಿನವೂ ಮಾಡಲೇಬೇಕಾದದ್ದಾದ್ದರಿಂದ ಅದು ಒಮ್ಮೆ ರೂಢಿಗೆ ಬಂದರೆ ಬಿಟ್ಟುಹೋಗುವುದು ಕಡಿಮೆ.

ಯಾವ ಕೆಲಸಕ್ಕೆ ಯಾವ ಕಚೇರಿ

2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿಯಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳಿವೆ. ಹೆಸರು ಬದಲಾದರೂ ಕೆಲಸಗಳ ಹಂಚಿಕೆಯನ್ನು ತಿಳಿದುಕೊಂಡರೆ ಗೊಂದಲವಿಲ್ಲ. ಕಸದ ಸಂಗ್ರಹ ಮತ್ತು ವಿಲೇವಾರಿಯ ಹೊಣೆ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಎಂಬ ಕಂಪನಿಯದು. ಅದರ ಸೇವಾ ಶುಲ್ಕ 2025–26ನೇ ಸಾಲಿನಿಂದ ಆಸ್ತಿ ತೆರಿಗೆಯೊಡನೆಯೇ ವಸೂಲಾಗುತ್ತಿದೆ. ಕಾವೇರಿ ನೀರು, ಒಳಚರಂಡಿ ಮತ್ತು ಮಳೆನೀರು ಕೊಯ್ಲು ಜಲಮಂಡಳಿಗೆ ಸೇರಿದ್ದು. ಮರ ಕಡಿಯುವ, ಕೊಂಬೆ ಸವರುವ ಅನುಮತಿ ಪಾಲಿಕೆಯ ಅರಣ್ಯ ವಿಭಾಗದ ವೃಕ್ಷಾಧಿಕಾರಿಯದು. ಅಪಾರ್ಟ್‌ಮೆಂಟಿನ ಕೊಳಚೆನೀರು ಶುದ್ಧೀಕರಣ ಘಟಕದ ಮೇಲೆ ನಿಗಾ ಇಡುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಚಾವಣಿಯ ಸೌರ ವಿದ್ಯುತ್ತಿಗೆ ಬೆಸ್ಕಾಂ. ಈ ಐದು ಹೆಸರುಗಳನ್ನು, ಆಯಾ ಸ್ಥಳೀಯ ಎಂಜಿನಿಯರ್ ಅಥವಾ ಆರೋಗ್ಯ ನಿರೀಕ್ಷಕರ ದೂರವಾಣಿ ಸಂಖ್ಯೆಯೊಂದಿಗೆ, ಸಂಘದ ಸೂಚನಾ ಫಲಕದಲ್ಲಿ ಬರೆದು ಅಂಟಿಸುವುದರಿಂದಲೇ ಅರ್ಧದಷ್ಟು ಅಲೆದಾಟ ತಪ್ಪುತ್ತದೆ.

ಹಸಿ ಕಸವೇ ಮೊದಲು ಏಕೆ

ನಗರದ ಮನೆಗಳಿಂದ ಹೊರಬೀಳುವ ಕಸದಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗ ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಹಣ್ಣಿನ ತೊಗಟೆ, ಪೂಜೆಯ ಹೂವುಗಳಂಥ ಕೊಳೆಯುವ ವಸ್ತು. ಇದು ಬೇರೆಯಾಗಿದ್ದರೆ ಗೊಬ್ಬರ. ಪ್ಲಾಸ್ಟಿಕ್, ಕಾಗದ, ಡೈಪರುಗಳ ಜೊತೆ ಬೆರೆತರೆ ಎಲ್ಲವೂ ಹಾಳು. ಬೆರೆತ ಕಸವನ್ನು ಎಲ್ಲಿಗಾದರೂ ಸಾಗಿಸಲೇಬೇಕು, ಸಾಗಿಸಿದ ಕಡೆ ಅದು ಗಾಳಿಯಾಡದೆ ಕೊಳೆತು ಮೀಥೇನ್ ಅನಿಲವನ್ನೂ, ಅಂತರ್ಜಲಕ್ಕೆ ಇಳಿಯುವ ಕಪ್ಪು ರಸವನ್ನೂ ಬಿಡುತ್ತದೆ. ಯಲಹಂಕದ ಆಚೆಯ ಮಾವಳ್ಳಿಪುರದ ಜನ ಇದನ್ನು ವರ್ಷಗಟ್ಟಲೆ ಅನುಭವಿಸಿ ಪ್ರತಿಭಟಿಸಿದ ಮೇಲೆ 2012ರಲ್ಲಿ ಅಲ್ಲಿನ ಭೂಭರ್ತಿ ಕೇಂದ್ರ (ಕಸ ಹೂಳುವ ಜಾಗ) ಮುಚ್ಚಿತು. ಆ ದಿನಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಕಸ ರಾಶಿಬಿದ್ದದ್ದನ್ನು ಮರೆತವರು ಕಡಿಮೆ. ಪೂರ್ವದಿಕ್ಕಿನ ಮಂಡೂರಿನವರ ಹೋರಾಟದ ಫಲವಾಗಿ 2014ರ ಕೊನೆಯಲ್ಲಿ ಅಲ್ಲಿಗೆ ಹೋಗುತ್ತಿದ್ದ ಲಾರಿಗಳೂ ನಿಂತವು. ಇಂದಿಗೂ ಬೆರೆತ ಕಸ ಸೇರುತ್ತಿರುವುದು ಮಿಟ್ಟಗಾನಹಳ್ಳಿಯಂಥ ಊರಿನ ಹಳೆಯ ಕಲ್ಲುಕ್ವಾರಿಯನ್ನೇ. ಹಾಗಾಗಿ ಕಸ ವಿಂಗಡಣೆಯನ್ನು ಪಾಲಿಕೆಗೆ ಮಾಡುವ ಉಪಕಾರವೆಂದು ತಿಳಿಯುವುದು ಸರಿಯಲ್ಲ. ಅದು ಪಕ್ಕದ ಹಳ್ಳಿಯವರ ಬಾವಿಗೆ ಸಂಬಂಧಿಸಿದ ವಿಚಾರ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ರಾಜ್ಯ ಹೈಕೋರ್ಟ್ 2015ರ ಡಿಸೆಂಬರಿನಲ್ಲಿ ನಗರಕ್ಕೆ ಎರಡು ಡಬ್ಬಿ, ಒಂದು ಚೀಲದ ಪದ್ಧತಿಯನ್ನು ಗೊತ್ತುಮಾಡಿತು: ಹಸಿ ಕಸಕ್ಕೆ ಹಸಿರು ಡಬ್ಬಿ, ಸ್ಯಾನಿಟರಿ ಮುಂತಾದ ತಿರಸ್ಕೃತ ಕಸಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ಚೀಲ. ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿಯಮಗಳು ಮೂಲದಲ್ಲಿಯೇ ಬೇರ್ಪಡಿಸುವುದನ್ನು ದೇಶಕ್ಕೆಲ್ಲ ಕಡ್ಡಾಯಗೊಳಿಸಿದವು. ಅವುಗಳ ಜಾಗಕ್ಕೆ ಬಂದ 2026ರ ನಿಯಮಗಳು ಹಸಿ, ಒಣ, ಸ್ಯಾನಿಟರಿ ಮತ್ತು ವಿಶೇಷ ನಿಗಾ ಬೇಕಾದ ಕಸ ಎಂದು ನಾಲ್ಕು ಭಾಗ ಮಾಡಲು ಹೇಳುತ್ತವೆ. ದಿನಕ್ಕೆ 100 ಕಿಲೋ ಅಥವಾ ಅದಕ್ಕೂ ಹೆಚ್ಚು ಕಸ ಹುಟ್ಟುವ ಅಪಾರ್ಟ್‌ಮೆಂಟು, ಹೋಟೆಲು, ಕಲ್ಯಾಣಮಂಟಪಗಳು ಬೃಹತ್ ಉತ್ಪಾದಕರ ವರ್ಗಕ್ಕೆ ಸೇರುತ್ತವೆ ಮತ್ತು ಅವು ತಮ್ಮ ಹಸಿ ಕಸಕ್ಕೆ ತಾವೇ ದಾರಿ ಮಾಡಿಕೊಳ್ಳಬೇಕು.

ಅಡುಗೆಮನೆಯಲ್ಲಿ ಆಗಬೇಕಾದದ್ದು

ಮೊದಲ ಕೆಲಸ ಸಿಂಕಿನ ಪಕ್ಕದ ಡಬ್ಬಿಯಿಂದ ಪ್ಲಾಸ್ಟಿಕ್ ಕವರನ್ನು ತೆಗೆಯುವುದು. ಹಸಿ ಕಸವನ್ನು ಕವರಿನಲ್ಲಿ ಗಂಟು ಕಟ್ಟಿ ಕೊಟ್ಟರೆ ಆಟೋ ಟಿಪ್ಪರಿನ ಬಳಿ ನಿಂತ ಪೌರಕಾರ್ಮಿಕರು ಆ ಗಂಟನ್ನು ಕೈಯಿಂದ ಬಿಚ್ಚಿ ಸುರಿಯಬೇಕಾಗುತ್ತದೆ. ಬಿಚ್ಚಲು ಪುರಸೊತ್ತಿಲ್ಲದಿದ್ದರೆ ಕವರಿನ ಸಮೇತ ಹೋಗಿ ಗೊಬ್ಬರದ ಘಟಕದಲ್ಲಿ ಯಂತ್ರಕ್ಕೆ ಸುತ್ತಿಕೊಳ್ಳುತ್ತದೆ. ಡಬ್ಬಿಯ ತಳಕ್ಕೆ ಒಂದು ಹಾಳೆ ಹಳೆಯ ಪತ್ರಿಕೆ ಹಾಸಿದರೆ ಸಾಕು, ರಸ ಹೀರಿಕೊಳ್ಳುತ್ತದೆ, ಡಬ್ಬಿ ತೊಳೆಯುವುದೂ ಸುಲಭ. ಸಾರು, ಹುಳಿಯಲ್ಲಿ ಉಳಿದ ದ್ರವವನ್ನು ಬಸಿದು ಗಟ್ಟಿಯಾದುದನ್ನು ಮಾತ್ರ ಹಾಕಬೇಕು.

ಮನೆಯಲ್ಲಿ ಮೂರ್ನಾಲ್ಕು ಜನರಿದ್ದರೆ ದಿನಕ್ಕೆ ಅರ್ಧದಿಂದ ಒಂದು ಕಿಲೋ ಹಸಿ ಕಸ ಹುಟ್ಟುತ್ತದೆ. ಬಾಲ್ಕನಿಯಲ್ಲಿ ಎರಡಡಿ ಜಾಗವಿದ್ದರೆ ಇದನ್ನು ಅಲ್ಲಿಯೇ ಗೊಬ್ಬರ ಮಾಡಬಹುದು. ಗಾಳಿಯಾಡುವಂತೆ ಬದಿಗೆ ತೂತುಗಳಿರುವ ಎರಡು ದೊಡ್ಡ ಮಣ್ಣಿನ ಕುಂಡ ಅಥವಾ ಹಳೆಯ ಪೇಂಟ್ ಬಕೆಟ್ ಸಾಕು. ತಳಕ್ಕೆ ನಾಲ್ಕು ಬೆರಳು ದಪ್ಪಕ್ಕೆ ತೆಂಗಿನ ನಾರು ಅಥವಾ ಒಣ ಎಲೆ ಹಾಸಿ, ಆ ದಿನದ ಸಿಪ್ಪೆಯನ್ನು ಚಿಕ್ಕ ಚೂರುಗಳಾಗಿ ಕತ್ತರಿಸಿ ಹರಡಿ, ಅದು ಪೂರ್ತಿ ಮುಚ್ಚುವಂತೆ ಮೇಲೆ ಒಣ ಎಲೆಪುಡಿ ಅಥವಾ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಾಕಬೇಕು. ಮೊದಲ ವಾರ ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿದರೆ ಅಥವಾ ಯಾರಿಂದಲಾದರೂ ಹಳೆಯ ಗೊಬ್ಬರ ಒಂದು ಹಿಡಿ ತಂದು ಬೆರೆಸಿದರೆ ಕೊಳೆಯುವಿಕೆ ಬೇಗ ಶುರುವಾಗುತ್ತದೆ. ಮೂರ್ನಾಲ್ಕು ದಿನಕ್ಕೊಮ್ಮೆ ಕೋಲಿನಿಂದ ತಿರುವಿ ಗಾಳಿ ಆಡಿಸಬೇಕು. ಒಂದು ಕುಂಡ ತುಂಬಿದ ಮೇಲೆ ಅದನ್ನು ಮುಚ್ಚಿಟ್ಟು ಎರಡನೆಯದನ್ನು ಆರಂಭಿಸಿದರೆ, ಎರಡನೆಯದು ತುಂಬುವ ಹೊತ್ತಿಗೆ ಮೊದಲನೆಯದರಲ್ಲಿ ಕಪ್ಪಗೆ, ಪುಡಿಪುಡಿಯಾದ, ಮಣ್ಣಿನ ವಾಸನೆಯ ಗೊಬ್ಬರ ಸಿದ್ಧವಿರುತ್ತದೆ. ಬೆಂಗಳೂರಿನ ಹವೆಯಲ್ಲಿ ಇದಕ್ಕೆ ಒಂದೂವರೆಯಿಂದ ಎರಡು ತಿಂಗಳು ಹಿಡಿಯುತ್ತದೆ. ಚಳಿಗಾಲದಲ್ಲಿ ತುಸು ಹೆಚ್ಚು.

ಇದರಲ್ಲಿ ಕಲಿಯಬೇಕಾದ ವಿದ್ಯೆಯೆಂದರೆ ತೇವದ ಹದ ಒಂದೇ. ಕುಂಡದೊಳಗಿನ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಿಸಿಕೊಂಡರೆ ಹದ ಸರಿಯಾಗಿದೆ. ನೀರು ಧಾರೆಯಾಗಿ ಇಳಿದರೆ ಒಣ ಎಲೆ ಸಾಲದು. ನಾಲ್ಕು ದಿನದಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುವುದು ಖಚಿತ. ಹಿಂಡಿದರೂ ಹನಿ ಕಾಣದೆ ಇರುವೆ ಓಡಾಡುತ್ತಿದ್ದರೆ ನೀರು ಚಿಮುಕಿಸಬೇಕು. ಬಿಳಿಯ ಹುಳುಗಳು ಮಿಜಿಗುಡುವುದನ್ನು ಕಂಡು ಅನೇಕರು ಕುಂಡವನ್ನೇ ಎಸೆದುಬಿಡುತ್ತಾರೆ. ಆ ಹುಳುಗಳು ನಿರಪಾಯಕಾರಿ, ಕಸವನ್ನು ಬೇಗ ಕರಗಿಸುತ್ತವೆ. ಒಣ ಎಲೆಯ ಹೊದಿಕೆ ದಪ್ಪವಾಗಿದ್ದರೆ ನೊಣ ಮೊಟ್ಟೆಯಿಡಲು ಜಾಗವಿಲ್ಲದೆ ಹುಳು ತಾನಾಗಿ ಕಡಿಮೆಯಾಗುತ್ತದೆ. ತೆಂಗಿನ ಚಿಪ್ಪು, ಮಾವಿನ ಓಟೆ, ಮೂಳೆಗಳು ಮನೆಯ ಕುಂಡದಲ್ಲಿ ಕರಗುವುದಿಲ್ಲವಾದ್ದರಿಂದ ಅವು ಟಿಪ್ಪರಿಗೇ ಹೋಗಲಿ. ಕೈಯಾರೆ ನೋಡಿ ಕಲಿಯಬೇಕೆನ್ನುವವರಿಗೆ ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಗ್ರಹ ಕಲಿಕಾ ಕೇಂದ್ರದಲ್ಲಿ ಬಗೆಬಗೆಯ ಗೊಬ್ಬರದ ತೊಟ್ಟಿಗಳ ಮಾದರಿಗಳಿವೆ.

ಒಣ ಎಲೆಗೆ ಹಣ ಕೊಡುವ ಅಗತ್ಯವಿಲ್ಲ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ನಗರದ ಹೊಂಗೆ ಮುಂತಾದ ಮರಗಳು ಎಲೆ ಉದುರಿಸುವಾಗ ನಾಲ್ಕಾರು ಗೋಣಿಚೀಲ ತುಂಬಿಸಿಟ್ಟುಕೊಂಡರೆ ವರ್ಷವಿಡೀ ನಡೆಯುತ್ತದೆ. ಇಲ್ಲದಿದ್ದರೆ ಅದೇ ಎಲೆಗೆ ರಸ್ತೆ ಬದಿಯಲ್ಲಿ ಬೆಂಕಿ ಬೀಳುತ್ತದೆ. ಎಲೆ ಸುಡುವುದು ನಿಷಿದ್ಧವಾದರೂ ಮುಂಜಾನೆಯ ಹೊಗೆ ಇನ್ನೂ ನಿಂತಿಲ್ಲ.

ಆಯುಧಪೂಜೆಯ ಮರುದಿನದ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಬಾಳೆಕಂದು, ಮಾವಿನ ತೋರಣ, ಒಡೆದ ಬೂದುಗುಂಬಳ ಎಲ್ಲ ಒಂದೇ ದಿನ ಬೀದಿಗೆ ಬಿದ್ದು ಟಿಪ್ಪರುಗಳಿಗೆ ಹೊರಲಾರದಷ್ಟಾಗುತ್ತದೆ. ಒಡೆದ ಕುಂಬಳದ ಮೇಲೆ ದ್ವಿಚಕ್ರ ವಾಹನ ಜಾರುವುದು ಬೇರೆ. ಸಂಘದವರು ಹಬ್ಬಕ್ಕೆ ಮೊದಲೇ ಒಂದು ಮೂಲೆ ಗೊತ್ತುಮಾಡಿ, ಕುಂಬಳವನ್ನು ಅಲ್ಲಿಯೇ ಒಡೆಯಲು ಹೇಳಿ, ಮಾರನೆಯ ದಿನ ಬಾಳೆಕಂದನ್ನು ಮಚ್ಚಿನಿಂದ ಗೇಣುದ್ದ ತುಂಡು ಮಾಡಿಸಿ, ದಾರ ಮತ್ತು ಪ್ಲಾಸ್ಟಿಕ್ ಹೂವುಗಳನ್ನು ಬಿಡಿಸಿ ಗೊಬ್ಬರದ ತೊಟ್ಟಿಗೆ ಸೇರಿಸಬೇಕು. ನೀರಿನಂಶ ಬಹಳವಿರುವ ಬಾಳೆಕಂದಿಗೆ ಒಣ ಎಲೆ ಎಂದಿಗಿಂತ ಹೆಚ್ಚು ಬೇಕು.

ಅಪಾರ್ಟ್‌ಮೆಂಟುಗಳಲ್ಲಿ

ಐವತ್ತು ಮನೆಗಳಿರುವಲ್ಲಿ ದಿನಕ್ಕೆ ಮೂವತ್ತರಿಂದ ಐವತ್ತು ಕಿಲೋ ಹಸಿ ಕಸವೆಂದು ಲೆಕ್ಕ ಹಿಡಿಯಬಹುದು. ಆದರೆ ಅಂದಾಜಿನ ಮೇಲೆ ಯಂತ್ರ ಕೊಳ್ಳಬಾರದು. ಮೊದಲು ತೂಗುವ ಕೊಕ್ಕೆಯೊಂದನ್ನು ನೇತುಹಾಕಿ ಎರಡು ವಾರ ಹಸಿ, ಒಣ, ತಿರಸ್ಕೃತ ಕಸವನ್ನು ಬೇರೆಬೇರೆಯಾಗಿ ತೂಗಿ ಪುಸ್ತಕದಲ್ಲಿ ಬರೆಯಿಸಬೇಕು. ಈ ಪುಸ್ತಕ ಮುಂದೆ ಅಧಿಕಾರಿಗಳ ಎದುರಿಗೂ, ಸಂಘದ ಸಭೆಯಲ್ಲೂ ಬಹಳ ಕೆಲಸಕ್ಕೆ ಬರುತ್ತದೆ.

ಮಾರಾಟಗಾರರು ತೋರಿಸುವ, ಒಂದೇ ದಿನದಲ್ಲಿ ಗೊಬ್ಬರ ಕೊಡುತ್ತದೆ ಎನ್ನುವ ವಿದ್ಯುತ್ ಯಂತ್ರಗಳ ಬಗ್ಗೆ ಎಚ್ಚರವಿರಲಿ. ಅವುಗಳಲ್ಲಿ ಬಹುಪಾಲು ಕಸವನ್ನು ಕಾಯಿಸಿ ಒಣಗಿಸುತ್ತವೆ. ಹೊರಬರುವ ಕಂದು ಪುಡಿ ಇನ್ನೂ ಗೊಬ್ಬರವಾಗಿರುವುದಿಲ್ಲ, ಅದಕ್ಕೆ ನೀರು ತಗುಲಿದೊಡನೆ ಮತ್ತೆ ಕೊಳೆಯಲು ತೊಡಗುತ್ತದೆ. ವಿದ್ಯುತ್ ಬಿಲ್ಲು ಬೇರೆ. ಜಾಲರಿ ಅಥವಾ ಇಟ್ಟಿಗೆಯಿಂದ ಕಟ್ಟಿದ, ಗಾಳಿಯಾಡುವ ನಾಲ್ಕೈದು ತೊಟ್ಟಿಗಳು, ಒಂದು ಚೂರುಮಾಡುವ ಯಂತ್ರ, ಒಣ ಎಲೆ ಶೇಖರಿಸಲು ಒಂದು ಪಂಜರ ಮತ್ತು ಕೆಲಸ ಬಲ್ಲ ಒಬ್ಬ ವ್ಯಕ್ತಿ ಇದ್ದರೆ ಐವತ್ತು ಮನೆಗಳ ಕಸ ನಿಭಾಯಿಸಲು ಸಾಕು. ಕೊನೆಯದೇ ಮುಖ್ಯ. ಮನೆಗೆಲಸ, ಗುಡಿಸುವ ಕೆಲಸಕ್ಕೆಂದು ಬಂದವರ ತಲೆಗೆ ಇದನ್ನೂ ಕಟ್ಟಿದರೆ ಎರಡು ತಿಂಗಳಲ್ಲಿ ತೊಟ್ಟಿ ನಾರುತ್ತದೆ, ದೂರು ಬರುತ್ತದೆ, ಗೊಬ್ಬರ ಮಾಡುವುದೇ ತಪ್ಪೆಂದು ಸಭೆ ತೀರ್ಮಾನಿಸುತ್ತದೆ. ಇದಕ್ಕೆಂದೇ ಸಂಬಳ, ಕೈಗವಸು, ಬೂಟು, ತರಬೇತಿ ಕೊಟ್ಟು ಒಬ್ಬರನ್ನು ನೇಮಿಸುವುದು ಯಂತ್ರಕ್ಕಿಂತ ಅಗ್ಗವೂ ಹೌದು, ಬಾಳಿಕೆಯೂ ಹೌದು.

ಒಣ ಕಸ, ಸ್ಯಾನಿಟರಿ ಕಸ

ಒಣ ಕಸವನ್ನು ದಿನವೂ ಕೊಡುವ ಅವಸರವಿಲ್ಲ. ವಾರಕ್ಕೆರಡು ಸಲ ಕೊಟ್ಟರೂ ಸರಿ, ಆದರೆ ಅದು ನಿಜವಾಗಿಯೂ ಒಣಗಿರಬೇಕು. ಹಾಲಿನ ಪ್ಯಾಕೆಟ್, ಮೊಸರಿನ ಪ್ಯಾಕೆಟ್‌ಗಳನ್ನು ಪಾತ್ರೆ ತೊಳೆದ ನೀರಿನಲ್ಲಿಯೇ ಒಮ್ಮೆ ಅದ್ದಿ ತೆಗೆದು ಒಣಹಾಕಬಹುದು. ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸದೆ ಅಂಟಿಕೊಂಡಿರುವಂತೆ ಬಿಡುವುದು ಒಳ್ಳೆಯದು. ಕತ್ತರಿಸಿ ಬಿದ್ದ ಆ ಬೆರಳುಗುರಿನಷ್ಟು ಚೂರು ಯಾರ ಕೈಗೂ ಸಿಗದೆ ಹಸಿ ಕಸದೊಡನೆ ಗೊಬ್ಬರಕ್ಕೋ, ಚರಂಡಿಗೋ ಸೇರುತ್ತದೆ. ನಗರದ ಅನೇಕ ವಾರ್ಡುಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳಿದ್ದು, ಅವುಗಳಲ್ಲಿ ಹಲವನ್ನು ಹಿಂದೆ ಬೀದಿಯಲ್ಲಿ ಕಸ ಆಯುತ್ತಿದ್ದವರೇ ಹಸಿರು ದಳದಂಥ ಸಂಸ್ಥೆಗಳ ಬೆಂಬಲದಿಂದ ನಡೆಸುತ್ತಿದ್ದಾರೆ. ಅವರ ಆದಾಯ ನಿಮ್ಮ ಚೀಲದ ಶುಚಿಯನ್ನು ಅವಲಂಬಿಸಿದೆ: ಸಾಂಬಾರು ಮೆತ್ತಿದ ರಟ್ಟಿಗೆ ಬೆಲೆಯಿಲ್ಲ.

ಸ್ಯಾನಿಟರಿ ಪ್ಯಾಡ್, ಡೈಪರ್, ಬ್ಯಾಂಡೇಜುಗಳನ್ನು ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿಯೇ ಕೊಡಬೇಕು. ಒಡೆದ ಗಾಜನ್ನೂ ಹಾಗೆಯೇ ಸುತ್ತಿ, ಕೊಡುವಾಗ ಬಾಯಿಬಿಟ್ಟು ಹೇಳಬೇಕು. ಹಳೆಯ ಬ್ಯಾಟರಿ, ಟ್ಯೂಬ್‌ಲೈಟ್, ಅವಧಿ ಮುಗಿದ ಔಷಧಿಗಳಿಗೆ ಮನೆಯಲ್ಲಿ ಒಂದು ಡಬ್ಬ ಇಟ್ಟು ತುಂಬಿದಾಗ ಕೊಟ್ಟರಾಯಿತು.

ಮಳೆನೀರು: ಲೆಕ್ಕದಿಂದ ಗುಂಡಿಯವರೆಗೆ

ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿಯ ಮೂಲಕ ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು ಕಡ್ಡಾಯವಾಯಿತು: 2400 ಚದರಡಿ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನದ ಹಳೆಯ ಕಟ್ಟಡಗಳಿಗೆ, 1200 ಚದರಡಿ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನದಲ್ಲಿ ಕಟ್ಟುವ ಹೊಸ ಕಟ್ಟಡಗಳಿಗೆ. ಅಳವಡಿಸದವರ ನೀರಿನ ಬಿಲ್ಲಿಗೆ ದಂಡ ಸೇರುತ್ತದೆ. ದಂಡಕ್ಕೆ ಹೆದರಿ ಪೈಪೊಂದನ್ನು ಡ್ರಮ್ಮಿಗೆ ಇಳಿಸಿ, ಫೋಟೊ ತೆಗೆದು ಕೊಟ್ಟು ಕೈತೊಳೆದುಕೊಂಡ ಮನೆಗಳು ಎಷ್ಟೋ ಇವೆ. ಅಷ್ಟರಿಂದ ಬಿಲ್ಲು ಉಳಿಯಬಹುದು, ನೀರು ಉಳಿಯುವುದಿಲ್ಲ.

ಲೆಕ್ಕ ಸರಳವಾಗಿದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್. ಮೂವತ್ತು–ನಲವತ್ತರ ನಿವೇಶನದ ಮನೆಯ ತಾರಸಿ 80 ಚದರ ಮೀಟರ್ ಇದ್ದರೆ ವರ್ಷಕ್ಕೆ 77,000 ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಆವಿಯಾದದ್ದು, ಸೋರಿದ್ದು, ತೊಳೆದು ಬಿಟ್ಟದ್ದನ್ನು ಕಳೆದರೂ 60,000 ಲೀಟರ್ ಕೈಗೆ ಸಿಗುತ್ತದೆ. ಆದರೆ ಅದು ವರ್ಷಪೂರ್ತಿ ಹದವಾಗಿ ಬರುವುದಿಲ್ಲ. ಮೇ ತಿಂಗಳಲ್ಲೊಮ್ಮೆ, ಆಗಸ್ಟಿನಿಂದ ಅಕ್ಟೋಬರಿನವರೆಗೆ ಇನ್ನೊಮ್ಮೆ ಜೋರಾಗಿ ಸುರಿಯುತ್ತದೆ. ಸಂಜೆಯ ಒಂದು ಬಿರುಸಾದ ಮಳೆ 50 ಮಿಲಿಮೀಟರ್ ಆದರೆ ಅದೇ ತಾರಸಿಯಿಂದ 4,000 ಲೀಟರ್ ಒಂದೇ ಗಂಟೆಯಲ್ಲಿ ಇಳಿದು ಬರುತ್ತದೆ. ಸಂಪಿನ ಗಾತ್ರ, ಪೈಪಿನ ಅಗಲ, ನೀರನ್ನು ನೆಲಕ್ಕೆ ಇಂಗಿಸುವ ಇಂಗುಬಾವಿಯ ಆಳ ಎಲ್ಲವನ್ನೂ ಈ ಒಂದು ಗಂಟೆಯ ಲೆಕ್ಕದಲ್ಲಿ ನಿರ್ಧರಿಸಬೇಕು. ವರ್ಷದ ಸರಾಸರಿಯನ್ನು ಹಿಡಿದು ಲೆಕ್ಕ ಹಾಕಿದವರ ಮನೆಯಲ್ಲಿ ಮೊದಲ ದೊಡ್ಡ ಮಳೆಗೇ ನೀರು ಉಕ್ಕಿ ಗೇಟಿನಾಚೆ ಹರಿಯುತ್ತದೆ.

ಕೆಲಸದ ಕ್ರಮ ಹೀಗಿರಲಿ. ಏಪ್ರಿಲಿನಲ್ಲಿ ತಾರಸಿಯನ್ನು ಗುಡಿಸಿ, ನೀರು ಇಳಿಯುವ ಬಾಯಿಗಳಿಗೆ ಜಾಲರಿ ಕೂರಿಸಬೇಕು. ಇಳಿಪೈಪಿನ ಬುಡದಲ್ಲಿ ಮೊದಲ ಮಳೆಯ ಕೊಳೆನೀರನ್ನು ಹೊರಬಿಡಲು ಒಂದು ಕವಲು, ಅದಕ್ಕೆ ಬಿರಡೆ ಇರಬೇಕು. 80 ಚದರ ಮೀಟರ್ ತಾರಸಿಗೆ ಮೊದಲ 150 ಲೀಟರಿನಷ್ಟನ್ನು ಹೊರಗೆ ಬಿಟ್ಟರೆ ಧೂಳು, ಪಾರಿವಾಳದ ಹಿಕ್ಕೆ ತೊಳೆದು ಹೋಗಿರುತ್ತದೆ. ಅದರ ಮುಂದೆ ಶೋಧಕ: ದೊಡ್ಡ ಡ್ರಮ್ಮಿನಲ್ಲಿ ಕೆಳಗಿನಿಂದ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಇದ್ದಿಲು, ಮರಳಿನ ಪದರಗಳು, ನಡುನಡುವೆ ನೈಲಾನ್ ಜಾಲರಿ. ಶೋಧಿಸಿದ ನೀರು ಮೊದಲು ಸಂಪಿಗೆ ಹೋಗಲಿ, ಸಂಪು ತುಂಬಿ ಹೆಚ್ಚಾದದ್ದು ಇಂಗುಬಾವಿಗೆ ಇಳಿಯಲಿ. ಶೋಧಕದ ಮರಳನ್ನು ವರ್ಷಕ್ಕೊಮ್ಮೆಯಾದರೂ ತೆಗೆದು ತೊಳೆಯದಿದ್ದರೆ ಅದು ಕೆಸರು ಕಟ್ಟಿ, ನೀರು ಮೇಲಿನಿಂದಲೇ ಚೆಲ್ಲಿಹೋಗುತ್ತದೆ. ಶೋಧಿಸದ ನೀರನ್ನು ಕೊಳವೆಬಾವಿಯ ಕೇಸಿಂಗ್ ಪೈಪಿನೊಳಕ್ಕೆ ನೇರವಾಗಿ ಬಿಡುವುದು ಮಾತ್ರ ಯಾವ ಕಾರಣಕ್ಕೂ ಕೂಡದು. ತಾರಸಿಯ ಕೊಳೆಯೆಲ್ಲ ಆಳದ ಅಂತರ್ಜಲಕ್ಕೆ ಸೇರಿ, ಆಮೇಲೆ ತೆಗೆಯಲು ದಾರಿಯಿರುವುದಿಲ್ಲ.

ಇಂಗುಬಾವಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುವುದು ಲೇಸು. ಮೂರಡಿ ಅಗಲ, ಇಪ್ಪತ್ತಡಿ ಆಳದ ಬಾವಿ ಹೆಚ್ಚುಕಡಿಮೆ 4,000 ಲೀಟರ್ ಹಿಡಿಯುತ್ತದೆ. ಅಂದರೆ ಮೇಲೆ ಹೇಳಿದ ತಾರಸಿಯ ಒಂದು ದೊಡ್ಡ ಮಳೆ ಅದರಲ್ಲಿ ಅಡಗುತ್ತದೆ. ಬೆಂಗಳೂರಿನಲ್ಲಿ ಈ ಕೆಲಸವನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದವರು ಮಣ್ಣುವಡ್ಡ ಸಮುದಾಯದ ಬಾವಿಕೆಲಸದವರು. ಅವರು ಅಗೆಯುತ್ತ ಹೋದಂತೆ ಬುಟ್ಟಿಯಲ್ಲಿ ಮೇಲೆ ಬರುವ ಮಣ್ಣನ್ನು ನೋಡುತ್ತಿರುತ್ತಾರೆ: ಮೇಲಿನ ಕೆಂಪುಮಣ್ಣು, ಬಳಿಕ ಅಂಟುವ ಜೇಡಿ, ಅದರ ಕೆಳಗೆ ಬೆರಳಲ್ಲಿ ಉದುರುವ ಗರಸು. ಜೇಡಿಯ ಪದರದಲ್ಲೇ ಅಗೆತ ನಿಲ್ಲಿಸಿದರೆ ನೀರು ಇಂಗದೆ ಸೊಳ್ಳೆಯ ತೊಟ್ಟಿಯಾಗುತ್ತದೆ, ಗರಸಿನವರೆಗೆ ಹೋಗಲೇಬೇಕು. ಆದ್ದರಿಂದ ಆಳವನ್ನು ಗುತ್ತಿಗೆಯ ಕಾಗದದಲ್ಲಿ ಇಪ್ಪತ್ತಡಿ ಎಂದು ಬಿಗಿಯಾಗಿ ಬರೆಯುವ ಬದಲು ಅಡಿಗಿಷ್ಟು ಎಂದು ದರ ಗೊತ್ತುಮಾಡಿ, ಎಲ್ಲಿ ನಿಲ್ಲಿಸಬೇಕೆಂಬುದನ್ನು ಅವರ ಅನುಭವಕ್ಕೆ ಬಿಡುವುದು ಜಾಣತನ. ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸುವಾಗ ಸಂದಿಗೆ ಗಾರೆ ಮೆತ್ತಬಾರದು, ತಳಕ್ಕೆ ಕಾಂಕ್ರೀಟ್ ಹಾಕಬಾರದು. ರಿಂಗಿನ ಸುತ್ತ ಜಲ್ಲಿ ತುಂಬಬೇಕು. ಒಳಚರಂಡಿಯ ಚೇಂಬರಿನಿಂದ, ಹಳೆಯ ಶೌಚಗುಂಡಿಯಿಂದ ಆದಷ್ಟು ದೂರದಲ್ಲಿ ಜಾಗ ಆರಿಸಬೇಕು. ಬಾಯಿಗೆ ಗಟ್ಟಿಯಾದ ಕಬ್ಬಿಣದ ಜಾಲರಿ, ಅದಕ್ಕೆ ಬೀಗ ಕಡ್ಡಾಯ. ಮಕ್ಕಳಿರುವ ಮನೆಯಲ್ಲಿ ಇದನ್ನು ನಾಳೆಗೆ ಮುಂದೂಡಬಾರದು.

ತಾರಸಿಯ ನೀರನ್ನು ಸ್ನಾನದ ನೀರಿನ ಪೈಪಿಗೆ ಜೋಡಿಸಿ ಒಳಚರಂಡಿಗೆ ಬಿಟ್ಟಿರುವ ಹಳೆಯ ಮನೆಗಳು ನಗರದಲ್ಲಿ ಬಹಳ. ಬೆಂಗಳೂರಿನಲ್ಲಿ ಮಳೆನೀರಿನ ಚರಂಡಿ ಮತ್ತು ಕೊಳಚೆಯ ಒಳಚರಂಡಿ ಎರಡೂ ಬೇರೆಬೇರೆ ಜಾಲಗಳು. ಮಳೆಗಾಲದಲ್ಲಿ ರಸ್ತೆಯ ಮ್ಯಾನ್‌ಹೋಲ್ ಉಕ್ಕುವುದಕ್ಕೂ, ತಗ್ಗಿನ ಮನೆಯವರ ಬಚ್ಚಲಲ್ಲಿ ಕೊಳಚೆ ಮೇಲೇಳುವುದಕ್ಕೂ ಒಂದು ದೊಡ್ಡ ಕಾರಣ ಮೇಲಿನ ಮನೆಗಳ ಈ ಜೋಡಣೆ. ಪ್ಲಂಬರನ್ನು ಕರೆಸಿದ ದಿನವೇ ಇದನ್ನೂ ಬೇರ್ಪಡಿಸಿಬಿಡಬೇಕು. ಎಲ್ಲ ಬಗೆಯ ಶೋಧಕಗಳನ್ನೂ ಒಂದೇ ಕಡೆ ನೋಡಿ ತೀರ್ಮಾನಿಸಬೇಕೆಂದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯು ನಿರ್ಮಿಸಿರುವ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನಕ್ಕೆ ಒಂದು ಬೆಳಿಗ್ಗೆ ಹೋಗಿಬರಬಹುದು.

ಬಳಸಿದ ನೀರು

ನಲ್ಲಿಯಲ್ಲಿ ಬರುವ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಂತಹಂತವಾಗಿ ಮೇಲಕ್ಕೆ ಪಂಪಾಗಿ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಚಾಲನೆಗೊಂಡ ಐದನೇ ಹಂತ ದಿನಕ್ಕೆ 775 ದಶಲಕ್ಷ ಲೀಟರ್ ನೀರನ್ನು ನಗರದ ಹೊರವಲಯದ 110 ಹಳ್ಳಿಗಳ ಪ್ರದೇಶಕ್ಕೆ ಗೊತ್ತುಮಾಡಿದೆ. ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿನ ದರ ಕೈಗೆಟುಕದೆ ಹೋದಾಗ ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು, ಕೈತೋಟಕ್ಕೆ ಹಾಯಿಸುವುದನ್ನು, ಕಟ್ಟಡ ಕಾಮಗಾರಿಗೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತು. ದೊಡ್ಡ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಹಾಕಿಸುವುದನ್ನು ಕಡ್ಡಾಯ ಮಾಡಿತು. ಏರೇಟರ್ ಎಂದರೆ ನಲ್ಲಿಯ ಬಾಯಿಗೆ ತಿರುಗಿಸಿ ಕೂರಿಸುವ, ನೀರಿಗೆ ಗಾಳಿ ಬೆರೆಸುವ ಪುಟ್ಟ ಜಾಲರಿ. ಮೊದಲು ಒಂದು ನಿಮಿಷ ನಲ್ಲಿ ಬಿಟ್ಟು ಬಕೆಟಿನಲ್ಲಿ ಎಷ್ಟು ಲೀಟರ್ ತುಂಬಿತೆಂದು ನೋಡಿ, ಏರೇಟರ್ ಹಾಕಿದ ಮೇಲೆ ಮತ್ತೊಮ್ಮೆ ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಬಕೆಟ್ ತುಂಬಿಸುವ ನಲ್ಲಿಗೆ ಇದರಿಂದ ಲಾಭವಿಲ್ಲ, ಸಮಯ ವ್ಯರ್ಥವಷ್ಟೆ. ಕೈತೊಳೆಯುವ ಮತ್ತು ಪಾತ್ರೆ ತೊಳೆಯುವ ನಲ್ಲಿಗಳಿಗೆ ಹಾಕಿಸಬೇಕು.

ಕೊಳಚೆನೀರು ಶುದ್ಧೀಕರಣ ಘಟಕವಿರುವ ಅಪಾರ್ಟ್‌ಮೆಂಟುಗಳ ಸಂಘದವರು ಒಂದು ವಿಷಯವನ್ನು ಗಮನಿಸಬೇಕು. ಘಟಕ ಕೆಲಸ ಮಾಡುವುದು ಅದರೊಳಗಿನ ಸೂಕ್ಷ್ಮಜೀವಿಗಳಿಂದ, ಅವಕ್ಕೆ ಹಗಲೂ ರಾತ್ರಿ ಗಾಳಿ ಬೇಕು. ವಿದ್ಯುತ್ ಬಿಲ್ಲು ಉಳಿಸಲೆಂದು ರಾತ್ರಿ ಬ್ಲೋವರ್ ಆರಿಸಿದರೆ ಅವು ಸಾಯುತ್ತವೆ, ಬೆಳಗಾಗುವಷ್ಟರಲ್ಲಿ ವಾಸನೆ ಏಳುತ್ತದೆ, ಘಟಕದಿಂದ ಶೌಚಾಲಯಕ್ಕೆ ಬರುವ ನೀರು ಕೆಂಪಗೋ ಕಪ್ಪಗೋ ಆಗುತ್ತದೆ, ನಿವಾಸಿಗಳು ಶುದ್ಧೀಕರಿಸಿದ ನೀರೇ ಬೇಡವೆನ್ನುತ್ತಾರೆ. ತಿಂಗಳಿಗೊಮ್ಮೆ ಮಾದರಿಯನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ, ವರದಿಯನ್ನು ಸೂಚನಾ ಫಲಕಕ್ಕೆ ಹಾಕಿದರೆ ನಂಬಿಕೆ ಹುಟ್ಟುತ್ತದೆ. ಹೆಚ್ಚಾದ ನೀರನ್ನು ಚರಂಡಿಗೆ ಬಿಡಬೇಕಾಗಿಲ್ಲ: 2024ರಲ್ಲಿ ರಾಜ್ಯ ಸರ್ಕಾರ ಇಂಥ ನೀರಿನ ಅರ್ಧದಷ್ಟನ್ನು ಹೊರಗೆ ಮಾರಲು ಅನುಮತಿ ನೀಡಿದೆ, ಮತ್ತು ಕಟ್ಟಡ ಕಾಮಗಾರಿಗೆ ಅದು ಚೆನ್ನಾಗಿ ಒದಗುತ್ತದೆ. ಬೆಂಗಳೂರಿನ ಶುದ್ಧೀಕರಿಸಿದ ನೀರು ಕೋರಮಂಗಲ–ಚಲ್ಲಘಟ್ಟ ಯೋಜನೆಯ ಮೂಲಕ 2018ರಿಂದ ಕೋಲಾರದ ಕೆರೆಗಳಿಗೇ ಹರಿಯುತ್ತಿರುವಾಗ ನಮ್ಮ ಗೇಟಿನೊಳಗಿನ ತೋಟಕ್ಕೆ ಅದನ್ನು ಹಾಯಿಸಲು ಹಿಂಜರಿಯಬೇಕಾಗಿಲ್ಲ.

ಮರ, ಪ್ಲಾಸ್ಟಿಕ್, ಸೌರಶಕ್ತಿ

ಇವುಗಳ ಬಗ್ಗೆ ಚುಟುಕಾಗಿ ಹೇಳಿದರೆ ಸಾಕು. ನಿಮ್ಮ ಆವರಣದ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಬೀದಿಮರದ ಬುಡಕ್ಕೆ ಕಾಂಕ್ರೀಟ್ ಸುರಿದಿದ್ದರೆ ಸುತ್ತ ಮೂರಡಿ ಬಿಡಿಸಿಕೊಡುವಂತೆ ಅರ್ಜಿ ಕೊಡಬಹುದು. ಹೊಸ ಸಸಿ ನೆಡುವುದಕ್ಕಿಂತ ಇದು ಹೆಚ್ಚು ಉಪಯುಕ್ತ. ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಬ್ಯಾನರುಗಳಿಗೆ ಕರ್ನಾಟಕದಲ್ಲಿ 2016ರಿಂದಲೇ ನಿಷೇಧವಿದೆ. ಸಂಘದ ರಾಜ್ಯೋತ್ಸವ, ಗಣೇಶೋತ್ಸವಗಳಿಗೆ ಸ್ಟೀಲಿನ ತಟ್ಟೆ–ಲೋಟಗಳ ಒಂದು ಗಂಟನ್ನು ಕೊಂಡಿಟ್ಟರೆ ಹತ್ತು ವರ್ಷ ಬಾಳುತ್ತದೆ. ಸೌರ ವಿದ್ಯುತ್ತಿಗೆ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್ ಮತ್ತು ಅದಕ್ಕೆ ಮೇಲ್ಪಟ್ಟ ಮನೆಯ ಘಟಕಕ್ಕೆ 78,000 ರೂಪಾಯಿ ಸಹಾಯಧನವಿದೆ. ಫಲಕ ಕೂರಿಸುವ ಮೊದಲು ಮಳೆನೀರಿನ ಇಳಿಪೈಪಿನ ಬಾಯಿ ಅದರಡಿಯಲ್ಲಿ ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಸಭೆ ಮತ್ತು ದೂರು

ವಿಂಗಡಿಸಿ ಕೊಟ್ಟರೂ ಗಾಡಿಯವರು ಎಲ್ಲವನ್ನೂ ಬೆರೆಸುತ್ತಾರೆ ಎಂಬ ಆಕ್ಷೇಪ ಪ್ರತಿ ಸಭೆಯಲ್ಲೂ ಬರುತ್ತದೆ. ಕೆಲವು ಕಡೆ ಅದು ನಿಜವೂ ಹೌದು. ಅದಕ್ಕೆ ಪರಿಹಾರ ವಿಂಗಡಣೆ ಬಿಡುವುದರಲ್ಲಿಲ್ಲ. ಗಾಡಿಯ ಸಂಖ್ಯೆ, ದಿನಾಂಕ, ಸಮಯ ಕಾಣುವಂತೆ ಫೋಟೊ ತೆಗೆದು 1533 ಸಹಾಯವಾಣಿಗೆ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ನೀರು, ಒಳಚರಂಡಿಯ ದೂರಾದರೆ ಜಲಮಂಡಳಿಯ 1916. ಗಾಡಿಯ ಕೆಲಸಗಾರರೊಡನೆ ಜಗಳಕ್ಕೆ ನಿಲ್ಲಬಾರದು: ಗಾಡಿಯಲ್ಲಿ ಅಡ್ಡಹಲಗೆಯಿಲ್ಲ, ಹೊತ್ತಿಗೆ ಸರಿಯಾಗಿ ಕಾಂಪ್ಯಾಕ್ಟರ್ (ಕಸವನ್ನು ಒತ್ತಿ ತುಂಬುವ ಲಾರಿ) ಬರುವುದಿಲ್ಲ ಎಂಬಂಥ ಕಾರಣಗಳು ಅವರ ಕೈಯಲ್ಲಿಲ್ಲ, ಮತ್ತು ಬೀದಿಯ ಯಾವ ಮನೆಯವರು ಬೆರೆಸಿ ಕೊಡುತ್ತಾರೆಂಬುದು ಅವರಿಗೇ ಚೆನ್ನಾಗಿ ಗೊತ್ತು. ಅವರನ್ನು ಕೇಳಿ ಆ ಮನೆಗಳ ಪಟ್ಟಿ ಮಾಡಿಕೊಂಡು, ಸಂಘದ ಇಬ್ಬರು ಒಂದು ಭಾನುವಾರ ಹೋಗಿ ಮಾತಾಡಿ ಬಂದರೆ ನೋಟೀಸಿಗಿಂತ ಹೆಚ್ಚು ಫಲ ಸಿಗುತ್ತದೆ.

ಒಂದೇ ದೂರು ಮೂರು ಸಲ ಮರುಕಳಿಸಿದರೆ ಲಿಖಿತ ಅರ್ಜಿಯೊಂದಿಗೆ ಸ್ಥಳೀಯ ಕಚೇರಿಗೆ ಹೋಗಬೇಕು. ಅರ್ಜಿಗೆ ತೂಕದ ಪುಸ್ತಕದ ಪುಟಗಳ ನಕಲು, ಹಿಂದಿನ ದೂರುಗಳ ಸಂಖ್ಯೆ, ಆಸ್ತಿ ತೆರಿಗೆಯೊಡನೆ ಕಸದ ಶುಲ್ಕ ಕಟ್ಟಿದ ರಸೀದಿ ಲಗತ್ತಿಸಿ, ನಮ್ಮ ಬೀದಿಗೆ ಹಸಿ ಕಸದ ಗಾಡಿ ಇಂಥ ಹೊತ್ತಿಗೆ, ಒಣ ಕಸದ ಗಾಡಿ ವಾರದ ಇಂಥ ದಿನ ಬರಬೇಕು ಎಂದು ಬೇಡಿಕೆಯನ್ನು ಖಚಿತವಾಗಿ ಬರೆಯಬೇಕು. ಅರ್ಜಿಯ ಒಂದು ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ವಾರ್ಡ್ ಸಮಿತಿಯ ಸಭೆ ನಡೆಯುವ ಕಡೆಗಳಲ್ಲಿ ಇದೇ ಅರ್ಜಿಯನ್ನು ಅಲ್ಲಿ ಓದಿ, ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಬೇಕು. ದಾಖಲಾದ ಬೇಡಿಕೆಗೆ ಮುಂದಿನ ಸಭೆಯಲ್ಲಿ ಉತ್ತರ ಕೇಳುವ ಹಕ್ಕು ನಿಮಗಿರುತ್ತದೆ.